ಕೋಲ್ಕತ್ತಕ್ಕೂ ರಗ್ಬಿಗೂ ಏನು ನಂಟು?

ನಂಟು ಹಳೆಯದು. 1872ರ ಕ್ರಿಸ್‌ಮಸ್ ದಿನ ಅಲ್ಲಿ ನೆಲೆಸಿದ್ದ ಇಂಗ್ಲೆಂಡಿನವರು ಒಂದು ಕಡೆ, ಸ್ಕಾಟ್ಲೆಂಡ್, ಐರ್ಲೆಂಡ್, ವೇಲ್ಸ್‌ನವರು ಇನ್ನೊಂದು ಕಡೆ ನಿಂತು ಆಡಿದರು. ಮರುತಿಂಗಳೇ ಕ್ಲಬ್ ಹುಟ್ಟಿತು. ಆದರೆ ಆ ಸೆಕೆಗೆ ಪೋಲೊ, ಟೆನಿಸ್ ಒಗ್ಗಿದಷ್ಟು ರಗ್ಬಿ ಒಗ್ಗಲಿಲ್ಲ. 1878ರ ಹೊತ್ತಿಗೆ ಸದಸ್ಯರು ಚದುರಿದರು. ಖಾತೆಯಲ್ಲಿ ಉಳಿದಿದ್ದ ಹಣವನ್ನು ಬೆಳ್ಳಿ ರೂಪಾಯಿಗಳಾಗಿ ತೆಗೆದು, ಕರಗಿಸಿ ಕಪ್ ಮಾಡಿಸಿದರು. ಮುಚ್ಚಳದ ಮೇಲೆ ಆನೆ, ಹಿಡಿಕೆಗಳಾಗಿ ಮೂರು ನಾಗರಹಾವು: ನಮ್ಮ ನೆಲದ ಕಸುಬಿನ ಎಂಥ ಚೆಲುವು! 1879ರಿಂದ ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್ ಸೆಣಸುತ್ತಿರುವುದು ಈ ‘ಕಲ್ಕತ್ತಾ ಕಪ್’ಗಾಗಿಯೇ.

ನನ್ನ ಮಟ್ಟಿಗೆ ನಿಜವಾದ ಬೆಳವಣಿಗೆ ಈಚಿನದು. ಜಂಗಲ್ ಕ್ರೋಸ್ ಎಂಬ ತಂಡ ಮೈದಾನದಲ್ಲಿ ಬಡ ಮಕ್ಕಳಿಗೆ ಚೆಂಡು ಕೊಟ್ಟಿತು. ಉತ್ತರ ಬಂಗಾಳದ ಸರಸ್ವತಿಪುರ ಚಹಾ ತೋಟದ ಹುಡುಗಿಯರು ರಾಷ್ಟ್ರೀಯ ತಂಡದವರೆಗೂ ಬಂದರು.