ಐದೇ ದಿನಕ್ಕೆ ಮಾತ್ರೆ ನಿಲ್ಲಿಸಿದ್ದು ಸರಿಯೇ?

ಓದುಗರ ಪತ್ರ: ನಮ್ಮ ಅಮ್ಮನಿಗೆ ಸಿಒಪಿಡಿ, ಅಂದರೆ ಶ್ವಾಸನಾಳ ಕಿರಿದಾಗಿ ಉಸಿರಾಟ ಕಷ್ಟವಾಗುವ ದೀರ್ಘಕಾಲದ ಕಾಯಿಲೆ. 40 ವರ್ಷ ಸೌದೆ ಒಲೆಯ ಹೊಗೆ ಕುಡಿದವರು. ದಮ್ಮು ಜಾಸ್ತಿಯಾಗಿ, ಹಸಿರು ಕಫ ಬರತೊಡಗಿದಾಗ ಆಸ್ಪತ್ರೆಗೆ ಸೇರಿಸಿದೆವು. ಮೂರನೇ ದಿನ ಆಂಟಿಬಯಾಟಿಕ್ ಇಂಜೆಕ್ಷನ್ ಬಿಟ್ಟು ಮಾತ್ರೆ ಕೊಟ್ಟರು. ಐದನೇ ದಿನ ಅದನ್ನೂ ನಿಲ್ಲಿಸಿ ಮನೆಗೆ ಕಳಿಸಿದರು. ಈಗ ಆರಾಮಾಗಿದ್ದಾರೆ. ಆದರೂ ಕೋರ್ಸ್ ಅರ್ಧಕ್ಕೇ ಬಿಟ್ಟ ಹಾಗಾಯಿತಲ್ಲವೇ?

ಸಂಪಾದಕರ ಉತ್ತರ: ಅರ್ಧಕ್ಕೆ ಬಿಟ್ಟಿಲ್ಲ. ನೀವು ಬರೆದಿರುವುದನ್ನು ನೋಡಿದರೆ, ಆ ಡಾಕ್ಟರು ದಿನದಿನವೂ ಯೋಚಿಸಿ ಔಷಧಿ ಕೊಟ್ಟಿದ್ದಾರೆ. ಈ ಕಾಯಿಲೆಯವರಿಗೆ ಉಸಿರಾಟ ದಿಢೀರನೆ ಕೆಡಲು ಬ್ಯಾಕ್ಟೀರಿಯಾ ಒಂದೇ ಕಾರಣವಲ್ಲ. ವೈರಸ್ ಇರಬಹುದು, ಹೊಗೆ ಇರಬಹುದು. ಆಗ ಆಂಟಿಬಯಾಟಿಕ್‌ನಿಂದ ಏನೂ ಪ್ರಯೋಜನವಿಲ್ಲ.

ಹಾಗಾದರೆ ಯಾರಿಗೆ ಬೇಕು? 1987ರಲ್ಲಿ ಕೆನಡಾದ ವೈದ್ಯ ಆಂಥೋನಿಸೆನ್ ಮತ್ತು ಜೊತೆಗಾರರು ಮೂರು ಲಕ್ಷಣ ಹೇಳಿದರು: ಏದುಸಿರು ಹೆಚ್ಚುವುದು, ಕಫ ಹೆಚ್ಚುವುದು, ಕಫ ಕೀವಿನಂತೆ ಬಣ್ಣಗೆಡುವುದು. ಇಂದಿಗೂ ಡಾಕ್ಟರುಗಳು ಇದನ್ನೇ ನೋಡುತ್ತಾರೆ. ಮೂರೂ ಇದ್ದರೆ ಕೊಡುತ್ತಾರೆ. ಎರಡೇ ಇದ್ದರೆ ಅದರಲ್ಲೊಂದು ಕಫದ ಬಣ್ಣವಾಗಿರಬೇಕು. ಉಸಿರಾಟಕ್ಕೆ ಯಂತ್ರದ ನೆರವು ಬೇಕಾದವರಿಗೂ ಕೊಡುತ್ತಾರೆ. ಅಮ್ಮನಿಗೆ ಹಸಿರು ಕಫ ಇತ್ತಲ್ವಾ, ಶುರು ಮಾಡಿದ್ದು ಸರಿ. ಬಾಯಿಂದ ನುಂಗುವಂತಾದ ಮೇಲೆ ಸುಮ್ನೆ ಸೂಜಿ ಚುಚ್ಚಿಸಿಕೊಳ್ಳುವುದೇಕೆ? ಚೇತರಿಸಿಕೊಳ್ಳುತ್ತಿರುವವರಿಗೆ ಸಾಮಾನ್ಯವಾಗಿ ಐದು ದಿನ ಸಾಕು.

ನನ್ನ ತಂದೆಗೆ ಆದದ್ದೇ ಬೇರೆ. ಬೇರೊಂದು ಆಸ್ಪತ್ರೆಯಲ್ಲಿ ಹತ್ತು ದಿನದಲ್ಲಿ ಮೂರು ಆಂಟಿಬಯಾಟಿಕ್ ಬದಲಾಯಿಸಿದರು. ಕಫವನ್ನು ಒಮ್ಮೆಯೂ ಪರೀಕ್ಷೆಗೆ ಕಳಿಸಲಿಲ್ಲ. ಭೇದಿ ಶುರುವಾಗಿ ಅವರು ಇನ್ನಷ್ಟು ಸೊರಗಿದರು. ‘ಇದು ಯಾಕೆ ಕೊಡ್ತಿದ್ದೀರಿ, ಎಷ್ಟು ದಿನ?’ ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ. ಆ ನೋವು ಇನ್ನೂ ಇದೆ. ನೀವು ದಯವಿಟ್ಟು ಕೇಳಿ. ಔಷಧಿ ಶುರುವಾಗಿ ಎರಡು ಮೂರು ದಿನಕ್ಕೆ, ಕಫದ ರಿಪೋರ್ಟ್ ಬಂದ ಮೇಲೆ, ರೌಂಡ್ಸ್ ಸಮಯದಲ್ಲಿ ಕೇಳಿ.

ನಮ್ಮ ದೇಶದಲ್ಲಿ ಇನ್ನೊಂದು ಭಯವೂ ಇದೆ. ಲೆವೊಫ್ಲಾಕ್ಸಾಸಿನ್‌ನಂಥ ಆಂಟಿಬಯಾಟಿಕ್ ಮಾತ್ರೆ ಕ್ಷಯದ ರೋಗಾಣುವನ್ನೂ ಸ್ವಲ್ಪ ತಡೆಯುತ್ತದೆ. ಕೆಮ್ಮು ತಾತ್ಕಾಲಿಕವಾಗಿ ತಗ್ಗುತ್ತದೆ, ಕ್ಷಯ ಪತ್ತೆಯಾಗುವುದು ತಡವಾಗುತ್ತದೆ.

ಮನೆಯಲ್ಲಿ ಹಳೇ ಆಂಟಿಬಯಾಟಿಕ್ ಉಳಿದಿದ್ದರೆ ಅಮ್ಮನಿಗೆ ಕೊಡಬೇಡಿ. ಇನ್‌ಹೇಲರ್ ಮಾತ್ರ ತಪ್ಪಿಸಬೇಡಿ. ಕಫ ಮತ್ತೆ ಹಸಿರಾದರೆ ಡಾಕ್ಟರಿಗೆ ತೋರಿಸಿ. ಒಂದು ವಾಕ್ಯ ಮುಗಿಸಲೂ ಉಸಿರು ಸಾಲದಿದ್ದರೆ ಅಥವಾ ಅವರು ಮಂಪರಾಗಿದ್ದರೆ ಬೆಳಗಾಗಲಿ ಎಂದು ಕಾಯಬೇಡಿ, ರಾತ್ರಿಯೇ ಕರೆದುಕೊಂಡು ಹೋಗಿ.