ಹೆಸರಿನಲ್ಲಿ ಹತ್ತರ ಅಂತರ, ಒಳಗೆ ಒಂದು ತಲೆಮಾರಿನ ಅಂತರ

ಪ್ರಶ್ನೆ: ನಾನು ಪ್ರೋಗ್ರಾಮಿಂಗ್ ಕಲಿಯುತ್ತಿದ್ದೇನೆ. ದೊಡ್ಡ ಸ್ಪ್ರೆಡ್‌ಶೀಟ್‌ಗಳ ಕೆಲಸವೂ ಇದೆ, ಆಗೀಗ ವಿಡಿಯೊ ಎಡಿಟಿಂಗ್ ಕೂಡ ಮಾಡುತ್ತೇನೆ. ಎರಡು ಲ್ಯಾಪ್‌ಟಾಪ್‌ಗಳನ್ನು ನೋಡಿಟ್ಟಿದ್ದೇನೆ. ಒಂದರಲ್ಲಿ ಎಎಂಡಿ ರೈಜೆನ್ 5 7520ಯು ಪ್ರೊಸೆಸರ್ ಮತ್ತು ಬೋರ್ಡಿಗೇ ಬೆಸೆದಿರುವ 8 ಜಿಬಿ ರ್‍ಯಾಮ್ ಇದೆ. ಇನ್ನೊಂದರಲ್ಲಿ ರೈಜೆನ್ 5 7530ಯು, 8 ಜಿಬಿ ರ್‍ಯಾಮ್ ಮತ್ತು ಒಂದು ಖಾಲಿ ಸ್ಲಾಟ್ ಇವೆ. ಎರಡನೆಯದರ ಬೆಲೆ ಸುಮಾರು ಆರನೇ ಒಂದು ಭಾಗದಷ್ಟು ಹೆಚ್ಚು. ಸಂಖ್ಯೆಯಲ್ಲಿ ಇರುವುದು ಹತ್ತರ ವ್ಯತ್ಯಾಸ ಮಾತ್ರ. ಮೇಲಾಗಿ 7520ಯು ಪ್ರೊಸೆಸರಿನ ಮೂಲ ವೇಗ 2.8 ಗಿಗಾಹರ್ಟ್ಸ್, 7530ಯು ಪ್ರೊಸೆಸರಿನದು 2.0 ಗಿಗಾಹರ್ಟ್ಸ್. ಹೀಗಿರುವಾಗ ಅಗ್ಗದ್ದೇ ಒಳ್ಳೆಯದಲ್ಲವೇ? ಐದು ವರ್ಷವಾದರೂ ಬಳಸಬೇಕೆಂದಿದ್ದೇನೆ.

ಉತ್ತರ: ನೀವು ಎರಡನೆಯದನ್ನೇ ಕೊಳ್ಳಬೇಕೆಂಬುದು ನನ್ನ ಸ್ಪಷ್ಟ ಅಭಿಪ್ರಾಯ. ನಿಮ್ಮ ಲೆಕ್ಕಾಚಾರ ತಪ್ಪಿದ್ದರೆ ಅದು ನಿಮ್ಮ ದೋಷವಲ್ಲ. ಈ ಹೆಸರುಗಳನ್ನು ಓದುವ ಕ್ರಮವನ್ನು ಕೊಳ್ಳುವವರಿಗೆ ಯಾರೂ ಹೇಳಿಕೊಡುವುದಿಲ್ಲ.

ಎಎಂಡಿ ಈ ಸರಣಿಗೆ ಅನುಸರಿಸಿದ ಕ್ರಮದಲ್ಲಿ ಮೊದಲ ಅಂಕಿ ಮಾರುಕಟ್ಟೆಯ ವರ್ಷವನ್ನು ಸೂಚಿಸುತ್ತದೆ, ಎರಡನೆಯದು ದರ್ಜೆಯನ್ನು, ಮೂರನೆಯದು ಕೋರ್‌ಗಳ (ಪ್ರೊಸೆಸರಿನೊಳಗೆ ಲೆಕ್ಕ ಮಾಡುವ ಘಟಕಗಳ) ವಿನ್ಯಾಸ ಯಾವ ತಲೆಮಾರಿನದೆಂಬುದನ್ನು. ಆದ್ದರಿಂದ 7520ಯು ಎಂಬುದರಲ್ಲಿರುವ 2 ಎಂದರೆ ಜೆನ್ 2, 7530ಯು ಎಂಬುದರಲ್ಲಿರುವ 3 ಎಂದರೆ ಜೆನ್ 3. ಜೆನ್ 2 ಮಾರುಕಟ್ಟೆಗೆ ಬಂದದ್ದು 2019ರಲ್ಲಿ, ಜೆನ್ 3 ಬಂದದ್ದು 2020ರ ಕೊನೆಯಲ್ಲಿ. ಎರಡರ ಮೇಲೂ ಒಂದೇ ವರ್ಷದ ಗುರುತು, ಒಂದೇ "ರೈಜೆನ್ 5" ಎಂಬ ಮುದ್ರೆ ಇದ್ದರೂ ಒಳಗಿನ ವಿನ್ಯಾಸಗಳು ಬೇರೆಬೇರೆ. ಇಷ್ಟು ಮುಖ್ಯವಾದ ವ್ಯತ್ಯಾಸವನ್ನು ಮೂರನೆಯ ಅಂಕಿಯಲ್ಲಿ ಅಡಗಿಸಿಟ್ಟದ್ದು ಕೊಳ್ಳುವವರಿಗೆ ಮಾಡಿದ ಅನ್ಯಾಯವೆಂದೇ ನಾನು ಭಾವಿಸುತ್ತೇನೆ.

ಇನ್ನು ನಿಮ್ಮನ್ನು ಗೊಂದಲಕ್ಕೆ ದೂಡಿದ ಗಿಗಾಹರ್ಟ್ಸ್ ವಿಷಯ. 7520ಯು ಪ್ರೊಸೆಸರಿನಲ್ಲಿ 4 ಕೋರ್ ಮತ್ತು 8 ಥ್ರೆಡ್‌ಗಳಿವೆ (ಥ್ರೆಡ್ ಎಂದರೆ ಏಕಕಾಲಕ್ಕೆ ನಡೆಸಬಲ್ಲ ಕೆಲಸದ ಎಳೆ). 7530ಯು ಪ್ರೊಸೆಸರಿನಲ್ಲಿ 6 ಕೋರ್ ಮತ್ತು 12 ಥ್ರೆಡ್‌ಗಳಿವೆ. ಎರಡಕ್ಕೂ ನಿಗದಿಯಾಗಿರುವ ವಿದ್ಯುತ್ ಮಿತಿ 15 ವಾಟ್. ಎಲ್ಲ ಕೋರ್‌ಗಳೂ ದುಡಿಯುವಾಗ ಈ ಮಿತಿಯೊಳಗೆ ಕಾಯ್ದುಕೊಳ್ಳಬಲ್ಲ ವೇಗವನ್ನೇ ಮೂಲ ವೇಗವೆಂದು ಬರೆಯುತ್ತಾರೆ. ಅದೇ 15 ವಾಟನ್ನು ನಾಲ್ಕರ ಬದಲು ಆರು ಕೋರ್‌ಗಳಿಗೆ ಹಂಚಿದಾಗ ಒಂದೊಂದರ ಪಾಲಿಗೆ ಬರುವ ವಿದ್ಯುತ್ ಕಡಿಮೆಯಾಗುವುದು ಸಹಜ. ಆದರೆ ವೇಗವನ್ನು ಏರಿಸಬೇಕಾದರೆ ವೋಲ್ಟೇಜನ್ನೂ ಏರಿಸಬೇಕಾಗುತ್ತದೆ, ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿ ವಿದ್ಯುತ್ ಖರ್ಚು ಬೆಳೆಯುತ್ತದೆ. ಹಾಗಾಗಿ ಕೆಲವೇ ಕೋರ್‌ಗಳನ್ನು ಓಡಿಸುವುದಕ್ಕಿಂತ ಹೆಚ್ಚು ಕೋರ್‌ಗಳನ್ನು ನಿಧಾನವಾಗಿ ನಡೆಸುವುದೇ ಅದೇ ವಿದ್ಯುತ್ತಿನಲ್ಲಿ ಹೆಚ್ಚು ಕೆಲಸವನ್ನು ತೆಗೆಯುವ ದಾರಿ. ನೂರಾರು ಫೈಲುಗಳ ಪ್ರೋಗ್ರಾಮನ್ನು ಕಂಪೈಲ್ ಮಾಡುವಾಗ (ಯಂತ್ರಭಾಷೆಗೆ ಬದಲಿಸುವಾಗ), ಎಡಿಟ್ ಮಾಡಿದ ವಿಡಿಯೊವನ್ನು ಎಕ್ಸ್‌ಪೋರ್ಟ್ ಮಾಡುವಾಗ ಇದು ಕಣ್ಣಿಗೆ ಕಾಣುತ್ತದೆ. ಒಂದೇ ಕೋರ್ ಬಳಸುವ ಕೆಲಸಗಳಲ್ಲಿ ಗರಿಷ್ಠ ವೇಗಗಳು 4.3 ಮತ್ತು 4.5 ಗಿಗಾಹರ್ಟ್ಸ್, ಅಂದರೆ ಅಲ್ಲಿಯೂ 7520ಯು ಮುಂದಿಲ್ಲ.

ಅದಕ್ಕಿಂತ ಮಿಗಿಲಾಗಿ, ಒಂದು ಗಿಗಾಹರ್ಟ್ಸ್ ಇನ್ನೊಂದು ಗಿಗಾಹರ್ಟ್ಸಿಗೆ ಸಮವಲ್ಲ. ಜೆನ್ 3 ಅದೇ ವೇಗದಲ್ಲಿ ಜೆನ್ 2ಕ್ಕಿಂತ ಸರಾಸರಿ ಶೇ. 19ರಷ್ಟು ಹೆಚ್ಚು ಕೆಲಸ ಮಾಡುತ್ತದೆಂದು ಎಎಂಡಿ ತನ್ನ ಡೆಸ್ಕ್‌ಟಾಪ್ ಪ್ರೊಸೆಸರುಗಳ ಬಿಡುಗಡೆಯ ವೇಳೆ ಹೇಳಿತ್ತು. ಜೊತೆಗೆ ಎಲ್3 ಕ್ಯಾಶ್ (ಪ್ರೊಸೆಸರಿನೊಳಗೇ ಇರುವ ವೇಗದ ಮೆಮೊರಿ) ನಿಮ್ಮ ಮೊದಲ ಲ್ಯಾಪ್‌ಟಾಪಿನಲ್ಲಿ 4 ಎಂಬಿ, ಎರಡನೆಯದರಲ್ಲಿ 16 ಎಂಬಿ. ಮತ್ತೆಮತ್ತೆ ಬೇಕಾಗುವ ಮಾಹಿತಿ ಕ್ಯಾಶಿನಲ್ಲಿ ಹಿಡಿಸದಿದ್ದಾಗ ಪ್ರೊಸೆಸರ್ ರ್‍ಯಾಮಿನವರೆಗೆ ಹೋಗಿಬರಬೇಕು, ಬರುವವರೆಗೆ ಕೋರ್ ಕೈಕಟ್ಟಿ ಕಾಯಬೇಕು. ದೊಡ್ಡ ಸ್ಪ್ರೆಡ್‌ಶೀಟಿನಲ್ಲಿ ಒಂದು ಕೋಶವನ್ನು ತಿದ್ದಿದೊಡನೆ ಸಾವಿರಾರು ಸೂತ್ರಗಳು ಮರುಲೆಕ್ಕಕ್ಕೆ ತೊಡಗುತ್ತವಲ್ಲ, ಅಲ್ಲಿ ಈ ನಾಲ್ಕು ಪಟ್ಟು ಕ್ಯಾಶ್ ನೆರವಿಗೆ ಬರುತ್ತದೆ.

ಗ್ರಾಫಿಕ್ಸ್ ವಿಷಯದಲ್ಲಿ ಹೆಚ್ಚು ಹೇಳಬೇಕಾಗಿಲ್ಲ. 7520ಯು ಜೊತೆಗಿರುವ ರೇಡಿಯಾನ್ 610ಎಂ ಹೊಸ ವಿನ್ಯಾಸದ್ದೇ ಆದರೂ ಅದರಲ್ಲಿರುವುದು 2 ಕಂಪ್ಯೂಟ್ ಯೂನಿಟ್ (ಗ್ರಾಫಿಕ್ಸಿನ ಲೆಕ್ಕ ಮಾಡುವ ಘಟಕ) ಮಾತ್ರ. 7530ಯು ಜೊತೆಗಿರುವ ವೇಗಾ ಎಂಬ ಹಳೆಯ ವಿನ್ಯಾಸದಲ್ಲಿ 7 ಇವೆ, ಒಟ್ಟು ಸಾಮರ್ಥ್ಯದಲ್ಲಿ ಅದೇ ಮೇಲು. ನ್ಯಾಯವಾಗಿ ಹೇಳಬೇಕಾದ ಒಂದು ಮಾತಿದೆ: ಆನ್‌ಲೈನ್ ವಿಡಿಯೊಗಳಲ್ಲಿ ಬಳಕೆಯಾಗುವ ಎವಿ1 ಮಾದರಿಯನ್ನು ಬಿಡಿಸಿ ತೋರಿಸುವ ಯಂತ್ರಾಂಗ 7520ಯು ಪ್ರೊಸೆಸರಿನಲ್ಲಿದೆ, 7530ಯು ಪ್ರೊಸೆಸರಿನಲ್ಲಿಲ್ಲ. ಅಂಥ ವಿಡಿಯೊವನ್ನು 7530ಯು ತನ್ನ ಕೋರ್‌ಗಳಿಂದಲೇ ತೋರಿಸಬೇಕಾಗುತ್ತದೆ. ತೋರಿಸುತ್ತದೆ, ಆದರೆ ಬ್ಯಾಟರಿ ಸ್ವಲ್ಪ ಬೇಗ ಇಳಿಯುತ್ತದೆ. ದಿನವಿಡೀ ವಿಡಿಯೊ ನೋಡುವುದು, ಪತ್ರ ಬರೆಯುವುದು, ಜಾಲತಾಣ ತೆರೆಯುವುದು ಇಷ್ಟೇ ಬೇಕೆನ್ನುವವರು ಕೇಳಿದ್ದರೆ 7520ಯು ಸಾಕೆಂದು ಹಿಂಜರಿಯದೆ ಹೇಳುತ್ತಿದ್ದೆ.

ಈಗ ಬೆಲೆಯ ಲೆಕ್ಕ. ಲ್ಯಾಪ್‌ಟಾಪಿನಲ್ಲಿ ಪ್ರೊಸೆಸರನ್ನು ಮುಂದೆ ಬದಲಿಸಲಾಗುವುದಿಲ್ಲ, ಅದು ಬೋರ್ಡಿಗೆ ಬೆಸೆದಿರುತ್ತದೆ. ಆದ್ದರಿಂದ ಇಡೀ ಯಂತ್ರದ ಬೆಲೆಯನ್ನು ಅದು ಬಾಳುವ ವರ್ಷಗಳಿಗೆ ಹಂಚಿ ನೋಡಬೇಕು. ಮೊದಲನೆಯದರ ಬೆಲೆ ಆರು ಪಾಲು ಎಂದಿಟ್ಟುಕೊಂಡರೆ ಎರಡನೆಯದು ಏಳು ಪಾಲು. ಐದು ವರ್ಷ ಬಳಸಿದರೆ ಎರಡನೆಯದು ವರ್ಷಕ್ಕೆ 1.4 ಪಾಲಿನಷ್ಟು ಬೀಳುತ್ತದೆ. ಇದಕ್ಕಿಂತ ಮೊದಲನೆಯದು ಅಗ್ಗವೆನಿಸಬೇಕಾದರೆ ಅದು ನಾಲ್ಕು ವರ್ಷ ಮೂರು ತಿಂಗಳಿಗಿಂತ ಹೆಚ್ಚು ಕಾಲ ನಿಮಗೆ ಸಾಕಾಗಬೇಕು. ನಾಲ್ಕು ಕೋರ್, ಎಂದಿಗೂ ಬೆಳೆಸಲಾಗದ 8 ಜಿಬಿ ರ್‍ಯಾಮ್, ಆ ರ್‍ಯಾಮಿನಲ್ಲೇ ಗ್ರಾಫಿಕ್ಸಿಗೂ ಒಂದು ಪಾಲು. ನೀವು ಹೇಳಿದ ಕೆಲಸಗಳಿಗೆ ಇದು ಅಷ್ಟು ಕಾಲ ಸಾಕಾದೀತೆಂದು ನಾನು ನಂಬಲಾರೆ. ಕೋರ್‌ಗಳಿಗಿಂತಲೂ ಮೊದಲು ಸಾಲದಾಗುವುದು ರ್‍ಯಾಮ್.

ಆದರೆ ಎರಡನೆಯದನ್ನು ಕೊಂಡು ಖಾಲಿ ಸ್ಲಾಟನ್ನು ಹಾಗೆಯೇ ಬಿಡಬೇಡಿ. ಡಿಡಿಆರ್4 3200 ರ್‍ಯಾಮ್ ಒಂದೇ ಚಾನೆಲಿನಲ್ಲಿ (ಪ್ರೊಸೆಸರಿನೊಡನೆ ಮಾಹಿತಿ ಸಾಗುವ ದಾರಿಯಲ್ಲಿ) ಸೆಕೆಂಡಿಗೆ ಹೆಚ್ಚೆಂದರೆ 25.6 ಜಿಬಿ ಸಾಗಿಸಬಲ್ಲದು. ಎರಡನೆಯ ಚಾನೆಲ್ ತುಂಬಿದರೆ 51.2 ಜಿಬಿ. ತನ್ನದೇ ಮೆಮೊರಿ ಇಲ್ಲದ ಗ್ರಾಫಿಕ್ಸಿಗೆ ಇದರ ಲಾಭ ಎಲ್ಲಕ್ಕಿಂತ ಹೆಚ್ಚು. ಕೈಯಲ್ಲಿ ಹಣವಿದ್ದಾಗ ಇನ್ನೊಂದು 8 ಜಿಬಿ ಹಾಕಿಸಿ. ಆ ಖರ್ಚನ್ನು ಸೇರಿಸಿ ಒಟ್ಟು ಎಂಟು ಪಾಲಾದರೂ ವರ್ಷಕ್ಕೆ 1.6 ಪಾಲು ಮಾತ್ರ.

ಕೊನೆಯದಾಗಿ, ಅಂಗಡಿಯಲ್ಲಿ ರೈಜೆನ್ 5 5625ಯು ಇರುವ ಲ್ಯಾಪ್‌ಟಾಪ್ ಕಡಿಮೆ ಬೆಲೆಗೆ ಉಳಿದಿದ್ದರೆ, 5625 ಎಂಬುದರ ಮೊದಲ ಅಂಕಿ 5 ಆಗಿರುವುದನ್ನು ಕಂಡು ಹಳೆಯದೆಂದು ಬದಿಗಿಡಬೇಡಿ. 2022ರ ಆರಂಭದಲ್ಲಿ ಬಂದ ಅದರಲ್ಲಿಯೂ ಇದೇ ಜೆನ್ 3, ಇದೇ 6 ಕೋರ್, ಇದೇ 16 ಎಂಬಿ ಎಲ್3 ಕ್ಯಾಶ್ ಇವೆ. ಗರಿಷ್ಠ ವೇಗ ಮಾತ್ರ 4.3 ಗಿಗಾಹರ್ಟ್ಸ್. ಅದು ನಿಮ್ಮ 7520ಯು ಯಂತ್ರದ ಬೆಲೆಗೇ ಸಿಕ್ಕಿ, ರ್‍ಯಾಮ್ ಸ್ಲಾಟ್ ಖಾಲಿಯಿದ್ದು, ವಾರಂಟಿ ಪೂರ್ತಿ ಇದ್ದರೆ, ಮೂರರಲ್ಲಿ ನಾನು ಆರಿಸುವುದು ಅದನ್ನೇ.