ಕಬ್ಬಿಣದ ಬಳೆ ಹಿಡಿದು ಬಂಡೆ ಹತ್ತಬಹುದಾ?

ಪ್ರಶ್ನೆ: ನನಗೆ 61 ವರ್ಷ. ಕೊತ್ರೂಡ್‌ನಲ್ಲಿದ್ದೇನೆ, ತಿಂಗಳಿಗೊಮ್ಮೆ ಸೀರೆಯುಟ್ಟೇ ಸಿಂಹಗಡ ಹತ್ತುತ್ತೇನೆ. ಜನವರಿಯಲ್ಲಿ ಲಾಸ್ ವೇಗಸ್‌ಗೆ ಮಗಳ ಮನೆಗೆ ಹೋಗುವುದಿದೆ. ಕ್ಯಾಲಿಫೋರ್ನಿಯಾದ ಮೊಹಾವಿ ಮರುಭೂಮಿಯಲ್ಲಿ ರಿಂಗ್ಸ್ ಲೂಪ್ ಅಂತ ಒಂದು ದಾರಿ ಇದೆ, ಬಂಡೆಗೆ ಹಾಕಿದ ಕಬ್ಬಿಣದ ಬಳೆ ಹಿಡಿದು ಹತ್ತಬೇಕು ಅಂತಾರೆ ಅಳಿಯ. ನನ್ನ ಮಂಡಿ ಒಪ್ಪುತ್ತದಾ? ಅದೂ ಜ್ವಾಲಾಮುಖಿ ಕಲ್ಲಂತೆ. ನಮ್ಮದೂ ಅದೇ ಅಲ್ವಾ, ಅಷ್ಟು ದೂರ ಹೋಗಿ ನೋಡುವುದೇನು?
– ಓದುಗರು, ಪುಣೆ

ಉತ್ತರ: ಅಕ್ಕಾ, ಸಿಂಹಗಡ ಹತ್ತುವ ಮಂಡಿಗೆ ಇದು ದೂರವೇ ಅಲ್ಲ. ಇಡೀ ಸುತ್ತು ಸುಮಾರು ಎರಡೂವರೆ ಕಿಲೋಮೀಟರ್. ಮಾಹಿತಿ ಕೇಂದ್ರದ ಕಡೆಯಿಂದಲೇ ಹೊರಡಿ, ಆಗ ಬಳೆಗಳನ್ನು ಹತ್ತುತ್ತೀರಿ, ಇಳಿಯುವ ಕಷ್ಟ ಇರುವುದಿಲ್ಲ. ಮೊದಲು ಕಳ್ಳಿಗಿಡಗಳ ನಡುವೆ ಸಲೀಸು ದಾರಿ, ಹಿಂದಿನ ಜನ ಬಂಡೆ ಮೇಲೆ ಕೆತ್ತಿದ ಚಿತ್ರಗಳೂ ಸಿಗುತ್ತವೆ. ಮುಟ್ಟಬೇಡಿ. ಗುಡ್ಡ ಸುತ್ತಿ ಬ್ಯಾನ್ಶೀ ಕಣಿವೆಯೊಳಗೆ ಬಂದ ಮೇಲೆ ಜಾಗ ಕಿರಿದಾಗುತ್ತಾ ಹೋಗಿ, ಎರಡು ಕಡೆ ಬಳೆ ಹಿಡಿದೇ ಮೇಲೇರಬೇಕು. ಇಲ್ಲಿ ಮಂಡಿಗಿಂತ ತೋಳಿಗೆ ಜಾಸ್ತಿ ಕೆಲಸ. ಅವಸರ ಮಾಡದೆ ಕಾಲೂರಲು ಜಾಗ ನೋಡಿಕೊಳ್ಳಿ, ಅಳಿಯ ಹಿಂದೆ ಇರಲಿ. ಆಗಲ್ಲ ಅನಿಸಿದರೆ ಬಂದ ದಾರಿಯಲ್ಲೇ ವಾಪಸ್ ನಡೆದು, ಕಾರಿನಲ್ಲಿ ಮೇಲಿನ ಪಿಕ್ನಿಕ್ ಜಾಗಕ್ಕೆ ಹೋಗಿ ಕಣಿವೆ ನೋಡಿ, ನಾಚಿಕೆಯೇನಿಲ್ಲ. ಸೀರೆ ಮಾತ್ರ ಬೇಡವೇ ಬೇಡ. ಅಲ್ಲಿನ ಚೋಯಾ ಕಳ್ಳಿ ಸೆರಗು ಹಿಡಿದರೆ ಬಿಡುವುದಿಲ್ಲ, ಪ್ಯಾಂಟಿಗೆ ಅಂಟಿದ ಮುಳ್ಳನ್ನು ನಾನೇ ಅರ್ಧ ಗಂಟೆ ಕಿತ್ತಿದ್ದೇನೆ.

ಇನ್ನು ಕಲ್ಲು. ನಮ್ಮದೂ ಅದೇ ಅನ್ನುವುದು ಅರ್ಧ ಸರಿ. ಸಿಂಹಗಡದ ಕಪ್ಪುಕಲ್ಲು ಸುಮಾರು 6.6 ಕೋಟಿ ವರ್ಷದ ಹಿಂದೆ ದೋಸೆಹಿಟ್ಟಿನ ಹಾಗೆ ಹರಿದು, ಪದರದ ಮೇಲೆ ಪದರ ಕೂತ ಲಾವಾ. ಮೊಹಾವಿಯ ಈ ಬಂಡೆ ಹರಿದದ್ದಲ್ಲ, ಸಿಡಿದದ್ದು. ಸುಮಾರು 1.8 ಕೋಟಿ ವರ್ಷದ ಹಿಂದೆ ಪಕ್ಕದ ವುಡ್ಸ್ ಬೆಟ್ಟಗಳ ಜ್ವಾಲಾಮುಖಿ ಸ್ಫೋಟಿಸಿ, ಕಾದ ಬೂದಿ ಮತ್ತು ಅನಿಲ ನೆಲದ ಮೇಲೆ ನುಗ್ಗಿ ಬಂದು, ಆ ಬೂದಿಯೇ ಗಟ್ಟಿಯಾಗಿ ಕಲ್ಲಾಯಿತು. ಒಳಗೆ ಸಿಕ್ಕಿಬಿದ್ದ ಅನಿಲ ತೂತು ಬಿಟ್ಟುಹೋಯಿತು, ಗಾಳಿ ಮಳೆ ಅದನ್ನು ದೊಡ್ಡದು ಮಾಡಿದವು. ಅದಕ್ಕೇ ಗೋಡೆ ತುಂಬಾ ಗೂಡುಗಳು, ಕೆಲವು ತಲೆ ತೂರಿಸುವಷ್ಟು ದೊಡ್ಡವು. ಕಲ್ಲಿನ ಬಣ್ಣವೂ ಕಪ್ಪಲ್ಲ, ಕಂದು ಕೆಂಪು. ಇದನ್ನು ನೋಡಲು ಹೋಗಲೇಬೇಕು.

ಜನವರಿ ಒಳ್ಳೆಯ ಕಾಲ, ಬೇಸಿಗೆಯಾದರೆ ಬೇಡ ಅನ್ನುತ್ತಿದ್ದೆ. ಆದರೆ ಜಾಗ ನಾಲ್ಕು ಸಾವಿರ ಅಡಿಗೂ ಮೇಲಿದೆ, ಬೆಳಗ್ಗೆ ಚಳಿ ಕೊರೆಯುತ್ತದೆ, ಸ್ವೆಟರ್ ಇರಲಿ. ಸಿಂಹಗಡದಲ್ಲಾದರೆ ಮೇಲೆ ಹೋದ ಕೂಡಲೇ ಮಡಕೆ ಮೊಸರು, ಪಿಠಲೆ ಭಾಕರಿ ಸಿಗುತ್ತದೆ, ಇಲ್ಲಿ ಚಹಾ ಅಂಗಡಿಯ ಕನಸೂ ಬೇಡ. ದಿನಕ್ಕೆ ತಲೆಗೆ ನಾಲ್ಕು ಲೀಟರ್ ನೀರು ಕಾರಿನಲ್ಲಿರಲಿ, ಚಪಾತಿ ಪಲ್ಯ ಕಟ್ಟಿಕೊಳ್ಳಿ. ಆ ಮೊಹಾವಿ ಸಂರಕ್ಷಿತ ಪ್ರದೇಶದೊಳಗೆ ಪೆಟ್ರೋಲ್ ಬಂಕ್ ಇಲ್ಲ, ಫೋನ್ ಸಿಗ್ನಲ್ ನಂಬುವ ಹಾಗಿಲ್ಲ. ನಕ್ಷೆ ಮೊದಲೇ ಇಳಿಸಿಕೊಳ್ಳಲು ಅಳಿಯಂದಿರಿಗೆ ಹೇಳಿ.

ಪ್ರಶ್ನೆ: ಅಂಥ ಜಾಗದಿಂದ ಒಂದು ಸಣ್ಣ ಕಲ್ಲು ನೆನಪಿಗೆ ತರಬಹುದಾ?
– ಓದುಗರು, ಮುಲುಂಡ್

ಉತ್ತರ: ತರುವ ಹಾಗಿಲ್ಲ, ಅದು ಕಾನೂನಿಗೆ ವಿರುದ್ಧ. ತೂತಿನ ಕಲ್ಲಿನ ಮೇಲೆ ಅಷ್ಟು ಆಸೆಯಿದ್ದರೆ ಪುಣೆ ಕಡೆ ಬನ್ನಿ. ನಮ್ಮ ಲಾವಾದ ಗುಳ್ಳೆಗಳಲ್ಲಿ ಹರಳು ತುಂಬಿಕೊಂಡಿರುತ್ತದೆ. ವಾಘೋಲಿಯ ನೀಲಿ ಕ್ಯಾವನ್ಸೈಟ್‌ಗೆ ಜಗತ್ತಿನ ಹರಳುಪ್ರಿಯರೆಲ್ಲ ಬಾಯಿಬಿಡುತ್ತಾರೆ.